ಬಸ್ಸು ತಿರುಗುವ ಜಾಗ

ನಾನು ಒಂದು ಕಲ್ಲು. ಕಲ್ಲಿಗೆಂಥ ಕಥೆ ಎಂದು ಮುಖ ತಿರುಗಿಸಬೇಡಿ. ಬಾಯಿ ಇದ್ದವರು ನುಂಗಿಕೊಂಡದ್ದನ್ನು ಯಾರಾದರೂ ಹೇಳಲೇಬೇಕಲ್ಲ! ನಾನು ಹುಟ್ಟಿದ್ದು ಒಂದು ಕಲ್ಲುಗಣಿಯಲ್ಲಿ. ಹುಟ್ಟಿದ್ದು ಎಂದರೆ, ದೊಡ್ಡ ಬಂಡೆಗೆ ಸಾಲಾಗಿ ತೂತು ಕೊರೆದು, ಮದ್ದು ತುಂಬಿ, ಢಂ ಅನ್ನಿಸಿದಾಗ ತಾಯಿಯಿಂದ ಬೇರೆಯಾದೆ. ನನ್ನ ಜೊತೆ ಬಿದ್ದವರಲ್ಲಿ ಕೆಲವರು ಮನೆಯ ಮೆಟ್ಟಿಲಾದರು, ಕೆಲವರು ಬಚ್ಚಲಿನ ಹಾಸುಗಲ್ಲಾದರು. ಒಬ್ಬ ಒರಳಾಗಿ ಹೋದ. ಅವನ ಪುಣ್ಯ, ದಿನಾ ಚಟ್ನಿ. ನನಗೆ ಮಾತ್ರ ಉಳಿಯಿಂದ ನಾಲ್ಕು ಮುಖ ಮಾಡಿ, ನೆತ್ತಿಯ ಮೇಲೆ ಕತ್ತರಿ ಗೆರೆ ಕೆತ್ತಿ ಪಕ್ಕಕ್ಕೆ ಎಸೆದರು. ಸರ್ಕಾರಿ ಗುರುತಿನ ಕಲ್ಲಂತೆ.

ಅಲ್ಲಿಂದ ಲಾರಿ ಹತ್ತಿ ಒಂದು ಊರಿಗೆ ಬಂದೆ. ಊರ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರವರಿಗೆ ಸಿಟ್ಟು, ಹೇಳದಿದ್ದರೆ ಎಲ್ಲರೂ ನಮ್ಮೂರೇ ಇರಬೇಕು ಅಂದುಕೊಳ್ಳುತ್ತಾರೆ. ಅದೇ ವಾಸಿ. ಊರಿನ ಯೋಜನಾ ಕಚೇರಿಯ ಹಿತ್ತಲಲ್ಲಿ, ಕೆಟ್ಟು ನಿಂತ ಒಂದು ಜೀಪಿನ ಕೆಳಗೆ ನನ್ನನ್ನು ಹಾಕಿದರು. ಮಳೆಗಾಲ ಕಳೆಯಿತು, ಬೇಸಿಗೆ ಕಳೆಯಿತು. ಜೀಪಿಗೂ ನನಗೂ ಬಾಂಧವ್ಯ ಬೆಳೆಯಿತು. ಅದೂ ಮಾತಾಡುತ್ತಿರಲಿಲ್ಲ, ನಾನೂ ಮಾತಾಡುತ್ತಿರಲಿಲ್ಲ.

ನನ್ನನ್ನು ಅಲ್ಲಿಂದ ಎಬ್ಬಿಸಿದವರು ಹೊಂಬಳ ಮೇಡಮ್. ಊರಿನ ನಕ್ಷೆ ಮಾಡುವ ಅಧಿಕಾರಿ. ಸೀರೆ ಉಟ್ಟು ಕಾಲಿಗೆ ಬೂಟು ಹಾಕುತ್ತಿದ್ದರು. ಬಿಸಿಲಲ್ಲಿ ಅಲೆದೂ ಅಲೆದೂ ಮುಖ ಸುಟ್ಟ ರೊಟ್ಟಿಯಾಗಿತ್ತು. ಹಿತ್ತಲಿಗೆ ಚಹಾ ಕುಡಿಯಲು ಬಂದು ಸಹೋದ್ಯೋಗಿಗಳ ಜೊತೆ ಜಗಳ ಆಡುತ್ತಿದ್ದರು, ನಾನು ಕೇಳಿದ್ದೇನೆ.

“ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂದಂಗ ಆಗೇದ ನಮ್ಮ ಕೆಲಸ. ಮನಿ ಕಟ್ಟೋರು ಒಂದು ಕಡೆ, ರಸ್ತೆ ಹಾಕೋರು ಒಂದು ಕಡೆ, ಬಸ್ ಬಿಡೋರು ಇನ್ನೊಂದು ಕಡೆ. ಮಂದಿ ಎಲ್ಲಿ ಇರ್ತಾರ, ಎಲ್ಲಿಗೆ ದುಡೀಲಿಕ್ಕೆ ಹೋಗ್ತಾರ, ಹ್ಯಾಂಗ ಹೋಗ್ತಾರ, ಈ ಮೂರೂ ಒಂದೇ ನಕ್ಷಾದಾಗ ಬರಬೇಕು. ಇಲ್ಲಾಂದ್ರ ನಾವು ಕಟ್ಟಿದ್ದು ಊರಲ್ಲ, ಉಗ್ರಾಣ.”

ಉಳಿದವರು ಹೂಂ ಹೂಂ ಎಂದು ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದರು.

ಊರ ನಡುವೆ ಹಳ್ಳದ ಓಣಿ ಎಂಬ ಬಡವರ ಕೇರಿ ಇತ್ತು. ರಸ್ತೆ ಅಗಲ ಮಾಡಲು ಅದನ್ನು ತೆಗೆಯಬೇಕಾಗಿತ್ತು. ಅಲ್ಲಿಯವರಿಗೆ ಊರಾಚೆಯ ಗುಡ್ಡದ ಮೇಲೆ ಮನೆ ಕಟ್ಟಿಕೊಡುವುದೆಂದು ಆಯಿತು. ಮೇಡಮ್ ನಕ್ಷೆ ಬರೆದರು. ಮನೆಗಳ ಸಾಲು, ಅದಕ್ಕೆ ಹತ್ತಿಕೊಂಡು ಸಂತೆಯ ಜಾಗ, ಸಣ್ಣ ದವಾಖಾನೆ, ಶಾಲೆ. ಎಲ್ಲದರ ನಡುವೆ ಒಂದು ದುಂಡನೆಯ ಬಯಲು. ಆ ಬಯಲಿನ ನಟ್ಟನಡುವೆ ನಾನು. ಊರಿಂದ ಬಸ್ಸು ಬರಬೇಕು, ನನ್ನನ್ನು ಒಂದು ಸುತ್ತು ಹಾಕಿ ಊರಿಗೆ ಮರಳಬೇಕು. ಇಷ್ಟೇ ನನ್ನ ಉದ್ಯೋಗ. ಅದೂ ಕಾಯಂ ಅಲ್ಲ, ಡಾಂಬರು ಹಾಕುವಾಗ ಕಿತ್ತು ಬದಿಗೆ ಒಗೆಯುವ ಮಾತಾಗಿತ್ತು. ನನಗೇನೂ ಬೇಜಾರಿರಲಿಲ್ಲ.

ನನ್ನನ್ನು ನೆಟ್ಟು ಮಣ್ಣು ತುಳಿದ ಮೇಲೆ ಹಳ್ಳದ ಓಣಿಯವರು ಜಾಗ ನೋಡಲು ಬಂದರು. ಗುಡ್ಡ ಹತ್ತಿ ಏದುಸಿರು ಬಿಡುತ್ತ ಒಬ್ಬ ನೇರವಾಗಿ ಬಂದು ನನ್ನ ತಲೆಯ ಮೇಲೆ ಕೂತುಬಿಟ್ಟ. ನನ್ನ ಮೇಲೆ ಕೂತ ಮೊದಲ ಮನುಷ್ಯ ಅವನು. ಹೆಸರು ದ್ಯಾಮಣ್ಣ. ಹಳೆಯ ಬಸ್‌ಸ್ಟ್ಯಾಂಡಿನ ಮುಂದೆ ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುತ್ತಿದ್ದವನು. ಈಗ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಊರಿನ ದೊಡ್ಡ ದವಾಖಾನೆಗೆ ಹೋಗಿ ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ಒಂದು ಪಾಳಿ ತಪ್ಪಿದರೆ ಕಾಲು ಬಾಯುತ್ತದೆ, ಎರಡು ತಪ್ಪಿದರೆ ಉಸಿರು ಕಟ್ಟುತ್ತದೆ. ಓಣಿಯಿಂದ ದವಾಖಾನೆಗೆ ಒಂದು ಸಂದಿ ದಾಟಿದರಾಯಿತು. ಗುಡ್ಡದಿಂದ ಹೇಗೆ?

ಕೇಳಿದವಳು ಅವನ ಹೆಂಡತಿ ಫಕೀರವ್ವ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವಾಕೆ. ಗಟ್ಟಿ ಕೈ, ಗಟ್ಟಿ ಗಂಟಲು.

“ಮೇಡಮ್ಮಾರ, ಜಾಗ ಚಲೋ ಐತ್ರಿ, ಗಾಳಿ ಬೆಳಕು ಎಲ್ಲಾ ಐತಿ. ನಮ್ಮ ಯಜಮಾನ್ರು ದವಾಖಾನಿಗೆ ಹ್ಯಾಂಗ ಹೋಗಬೇಕು ಅದನ್ನ ಹೇಳ್ರಿ. ಉಳಿದದ್ದು ನಾ ನೋಡ್ಕೋತೇನಿ.”

“ಬಸ್ ಇಲ್ಲಿ ತನಕ ಬರ್ತದ ಫಕೀರವ್ವ, ಈ ಕಲ್ಲಿನ ತನಕ. ಬಸ್ ಬರೂ ತನಕ ನಾ ನಿಮ್ಮ ಓಣಿ ಖಾಲಿ ಮಾಡ್ಸೂದಿಲ್ಲ.”

“ಖರೇನ್ರಿ?”

“ಖರೇ.”

ದ್ಯಾಮಣ್ಣ ನನ್ನ ಪಕ್ಕೆ ತಟ್ಟಿ ನಕ್ಕ. “ಸಾಕ್ಷಿಗೆ ಕಲ್ಲು ಐತಿ ಬಿಡಽ, ಕಲ್ಲು ಪಕ್ಷಾಂತರ ಮಾಡೂದಿಲ್ಲ.”

ಮನೆಗಳು ಎದ್ದವು. ಅಷ್ಟರಲ್ಲಿ ನಕ್ಷೆ ಕರಗತೊಡಗಿತು. ಗುಡ್ಡದ ಬುಡದಲ್ಲಿ ಹೊಲ ಇದ್ದ ಗುರುಸಿದ್ದಪ್ಪ ಎಂಬ ದೊಡ್ಡ ಮನುಷ್ಯ ಇದ್ದ. ಮೆತ್ತನೆಯ ಮಾತಿನವನು. ಯಾರನ್ನೂ ಏಕವಚನದಲ್ಲಿ ಬೈದವನಲ್ಲ. ಸಂತೆಯ ಜಾಗಕ್ಕೆ ‘ಭೂಬಳಕೆ ಬದಲಾವಣೆ’ ಎಂಬ ಮಂತ್ರ ಹಾಕಿಸಿದ. ಅಲ್ಲಿ ಅವನ ಕಲ್ಯಾಣ ಮಂಟಪ ಎದ್ದಿತು. ದವಾಖಾನೆಯ ಜಾಗ ಅವನ ಬೀಗರಿಗೆ ನಿವೇಶನವಾಯಿತು. ಶಾಲೆಯ ಜಾಗದಲ್ಲಿ ಮಂಟಪಕ್ಕೆ ಬರುವವರ ಕಾರು ನಿಲ್ಲತೊಡಗಿದವು. ಹೊಂಬಳ ಮೇಡಮ್ ಒಂದೊಂದಕ್ಕೂ ಜಗಳ ಆಡಿದರು, ಒಂದೊಂದನ್ನೂ ಕಳೆದುಕೊಂಡರು. ಬಸ್ಸೊಂದನ್ನು ಮಾತ್ರ ಹಲ್ಲು ಕಚ್ಚಿ ಉಳಿಸಿಕೊಂಡರು. ಬಸ್ಸಿನ ಕಚೇರಿಯವರು, ಮೊದಲು ಜನ ಬರಲಿ ಆಮೇಲೆ ಬಸ್ಸು ಅಂದರು. ಇವರು, ಮೊದಲು ಬಸ್ಸು ಆಮೇಲೆ ಜನ ಅಂದರು. ಕೊನೆಗೆ ಇವರ ಹಟವೇ ಗೆದ್ದಿತು.

ಮೊದಲ ಬಸ್ಸು ಬಂದ ದಿನ ನೆನಪಿದೆ. ಹಸಿರು ತೋರಣ ಕಟ್ಟಿ, ಬಾಳೆಗಿಡ ಸಿಕ್ಕಿಸಿ, ಹಾರನ್ನು ಬಾರಿಸುತ್ತ ಗುಡ್ಡ ಹತ್ತಿತು. ಡ್ರೈವರ್ ಬಾಳಪ್ಪ ಮದುಮಗನ ಹಾಗೆ ನಾಚಿಕೊಂಡು ಇಳಿದ. ಫಕೀರವ್ವ ಆರತಿ ತಟ್ಟೆ ಹಿಡಿದು ಬಸ್ಸಿನ ಮುಂಭಾಗಕ್ಕೆ ಅರಿಶಿನ ಕುಂಕುಮ ಹಚ್ಚಿದಳು, ಗಾಲಿಗೆ ನಿಂಬೆಹಣ್ಣು ಇಟ್ಟಳು. ಕಾಯಿ ಒಡೆಯಲು ಕಲ್ಲು ಬೇಕು. ಸಪಾಟು ಮಾಡಿದ ಆ ಬಯಲಿನಲ್ಲಿ ನಾನು ಬಿಟ್ಟರೆ ಬೇರೆ ಕಲ್ಲೆಲ್ಲಿದೆ? ನನ್ನ ನೆತ್ತಿಗೇ ಕಾಯಿ ಒಡೆದಳು. ಅವಳ ಬೆರಳಲ್ಲಿ ಇನ್ನೂ ಕುಂಕುಮ ಉಳಿದಿತ್ತು. ಕುಂಕುಮವನ್ನು ನೆಲಕ್ಕೆ ಕೊಡವಬಾರದು, ತುಳಿದಾಡುವ ಜಾಗ. ಸೀರೆಗೆ ಒರೆಸಿದರೆ ಕಲೆ. ಹೀಗಾಗಿ ನನ್ನ ಮುಖಕ್ಕೆ ಒರೆಸಿದಳು. ಇಷ್ಟೇ ನಡೆದದ್ದು. ನಾನು ಸಾಕ್ಷಿ.

“ಏ ಫಕೀರವ್ವಾ, ಕಲ್ಲಿಗ್ಯಾಕ ಕುಂಕುಮ ಹಚ್ಚತೀ? ನಾಳೆ ಅದು ಕೋಳಿ ಕೇಳ್ತೈತಿ ನೋಡು!” ಎಂದು ದ್ಯಾಮಣ್ಣ ಚೇಷ್ಟೆ ಮಾಡಿದ. ಎಲ್ಲರೂ ನಕ್ಕರು.

ಹಳ್ಳದ ಓಣಿಯವರು ಗುಡ್ಡದ ಹೊಸ ಕಾಲನಿಗೆ ಬಂದು ನೆಲೆಸಿದರು. ಕೆಲವು ತಿಂಗಳು ಸುಖವಾಗಿದ್ದೆವು. ದವಾಖಾನೆಯ ದಿನ ದ್ಯಾಮಣ್ಣ ಮುಂಚಿತವಾಗಿಯೇ ಬಂದು ನನ್ನ ಮೇಲೆ ಕೂತು ಬಸ್ಸಿಗೆ ಕಾಯುತ್ತಿದ್ದ. ಬಾಳಪ್ಪ ಅವನಿಗೆ ಬಾಗಿಲ ಹತ್ತಿರದ ಸೀಟು ಹಿಡಿದಿಡುತ್ತಿದ್ದ, ಉಬ್ಬುತಗ್ಗಿನಲ್ಲಿ ನಿಧಾನಕ್ಕೆ ಬಿಡುತ್ತಿದ್ದ. ಸಂಜೆ ಮರಳಿ ಬಂದಾಗ ದ್ಯಾಮಣ್ಣನ ಮುಖ ಬಿಳುಚಿಕೊಂಡು ಗೋಡೆಯ ಸುಣ್ಣದಂತಿರುತ್ತಿತ್ತು, ಆದರೆ ನಡೆದು ಮನೆಗೆ ಹೋಗುತ್ತಿದ್ದ. ಮನೆ ನನ್ನೆದುರಿಗೇ, ಮೊದಲ ಸಾಲಿನಲ್ಲಿ.

ನಡುವೆ ಒಂದು ವಾರ ಬಸ್ಸು ಬರಲಿಲ್ಲ. ಡಿಪೋದಲ್ಲಿ ಗಾಡಿ ಕೆಟ್ಟಿತ್ತು, ಅಷ್ಟೆ. ಆ ವಾರ ಬಾಳಪ್ಪ ಯಾರದೋ ಮೋಟಾರು ಬೈಕು ಬೇಡಿ ತಂದು ದ್ಯಾಮಣ್ಣನನ್ನು ದವಾಖಾನೆಗೆ ಮುಟ್ಟಿಸಿದ. ಕಾಲನಿಯ ಹೆಂಗಸರು ಮಾತ್ರ ಕಂಗಾಲಾದರು. ನನ್ನ ಮುಖದ ಮೇಲೆ ಒಣಗಿದ ಕುಂಕುಮ ಅವರ ಕಣ್ಣಿಗೆ ಬಿತ್ತು. ಶುಕ್ರವಾರ ನನ್ನ ಮುಂದೆ ದೀಪ ಹಚ್ಚಿ, ಸೆರಗೊಡ್ಡಿ, ಬಸ್ಸು ಕೊಡು ತಾಯೆ ಎಂದು ಬೇಡಿಕೊಂಡರು. ಶನಿವಾರ ಬಸ್ಸು ಬಂತು! ಅಲ್ಲಿಗೆ ನನ್ನ ಕಥೆ ಮುಗಿಯಿತು. ಗಾಡಿಯ ಕೆಳಗೆ ಗ್ರೀಸು ಮೆತ್ತಿಕೊಂಡು ಮಲಗಿ ರಿಪೇರಿ ಮಾಡಿದವನ ಪುಣ್ಯವೆಲ್ಲ ನನ್ನ ತಲೆಗೆ ಬಂತು. ನನಗೆ ‘ಬಸ್ಸಿನವ್ವ’ ಎಂದು ಹೆಸರಿಟ್ಟರು.

ದ್ಯಾಮಣ್ಣ ಮಾತ್ರ ಹಳೆಯ ಸಲಿಗೆ ಬಿಡಲಿಲ್ಲ. ಮತ್ತೂ ನನ್ನ ಮೇಲೆಯೇ ಕೂರುತ್ತಿದ್ದ. ಹೆಂಗಸರು ಹೌಹಾರಿ ಕೂಗುತ್ತಿದ್ದರು, “ಏ ದ್ಯಾಮಣ್ಣಾ, ಎದ್ದೇಳೋ! ದೇವರ ಮ್ಯಾಲ ಕುಂತೀಯಲ್ಲ!”

“ನಾ ಮೊದಲ ಕುಂತವ್ರೀ ಯಕ್ಕಾ, ದೇವರು ಆಮ್ಯಾಲೆ ಬಂದಾಕಿ,” ಎನ್ನುತ್ತಿದ್ದ ಅವನು.

ನನ್ನ ಸುತ್ತ ಮೊದಲು ನಾಲ್ಕು ಇಟ್ಟಿಗೆ ಬಂದವು. ಬಸ್ಸಿಗೆ ಅಡ್ಡಿಯಾಗಲಿಲ್ಲ. ಆಮೇಲೆ ಸಿಮೆಂಟಿನ ಕಟ್ಟೆ ಬಂತು. ಬಾಳಪ್ಪ ಒಂದು ಸಲ ಹಿಂದೆ ತೆಗೆದು ತಿರುಗಿಸಿಕೊಂಡ. ಗುರುಸಿದ್ದಪ್ಪನ ಮಗಳಿಗೆ ಬಹಳ ದಿನಗಳಿಂದ ಗಂಡು ಗೊತ್ತಾಗುತ್ತಿರಲಿಲ್ಲ. ನನಗೆ ಹರಕೆ ಹೊತ್ತ ತಿಂಗಳಲ್ಲೇ ಗೊತ್ತಾಯಿತು. ಆ ತಂದೆ ನನ್ನ ಕಟ್ಟೆಗೆ ಹಣೆ ಹಚ್ಚಿ ಅತ್ತ, ನಿಜವಾದ ಕಣ್ಣೀರು. ಅತ್ತ ಮೇಲೆ ಕಮಿಟಿ ಮಾಡಿದ, ತಾನೇ ಚೇರ್ಮನ್ ಆದ. ತಗಡಿನ ಮಾಡು ಬಂತು, ಕಬ್ಬಿಣದ ಜಾಲರಿ ಬಂತು, ಕಾಯಿ ಕರ್ಪೂರದ ಅಂಗಡಿಗಳು ಬಂದವು, ಬಯಲಿನ ಬಾಯಿಗೆ ಒಂದು ಮಹಾದ್ವಾರ ಎದ್ದಿತು. ನನಗೆ ಬೆಳ್ಳಿಯ ಮುಖ, ಬೆಳ್ಳಿಯ ಕಣ್ಣು. ‘ಬಸ್ಸಿನವ್ವ’ ಎಂಬುದು ಕಮಿಟಿಯವರಿಗೆ ಅಗ್ಗವಾಗಿ ಕೇಳಿಸಿರಬೇಕು. ಫಲಕದಲ್ಲಿ ‘ಶ್ರೀ ಮಾರ್ಗೇಶ್ವರಿ ದೇವಿ’ ಎಂದು ಬರೆಸಿದರು.

ಬಾಳಪ್ಪ ಈಗ ಹಿಂದೆ ಮುಂದೆ, ಹಿಂದೆ ಮುಂದೆ ಜಗ್ಗಾಡಿ ಬೆವರುತ್ತಿದ್ದ. “ಗಾಡಿ ತಿರಗಾಕ ಜಾಗ ಬೇಕ್ರಪ್ಪೋ. ನಿಮ್ಮವ್ವನ್ನ ಒಂದೀಟು ಬದೀಗೆ ಸರಸ್ರಿ,” ಎಂದು ಕೈಮುಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಸ್ಸು ಕೊಟ್ಟ ದೇವಿಯೇ ಬಸ್ಸಿಗೆ ಅಡ್ಡ ಆಗ್ತಾಳೇನು ಎಂಬುದು ಅವರ ನ್ಯಾಯ.

ಒಂದು ದಿನ ಬಸ್ಸಿನ ಹಿಂಭಾಗ ಮಹಾದ್ವಾರದ ಕಂಬಕ್ಕೆ ತಗುಲಿತು. ಬೊಟ್ಟಿನಷ್ಟು ಸುಣ್ಣ ಉದುರಿತು. ದೇವಿಗೆ ಅಪಚಾರ ಎಂದು ಜನ ಬಸ್ಸಿಗೆ ಅಡ್ಡ ಕೂತರು. ಬಾಳಪ್ಪ ಶರಟು ಬಿಚ್ಚಿ ಅಡ್ಡಬಿದ್ದು ತಪ್ಪು ಒಪ್ಪಿಕೊಂಡ ಮೇಲೆಯೇ ಬಿಟ್ಟದ್ದು. ಮರುವಾರ ಡಿಪೋದಿಂದ ಅಪ್ಪಣೆ ಬಂತು: ಗುಡ್ಡದ ಕಾಲನಿಯಲ್ಲಿ ಬಸ್ಸು ತಿರುಗಿಸಲು ಜಾಗವಿಲ್ಲ, ಇನ್ನು ಮುಂದೆ ಕೆಳಗೆ ಹೆದ್ದಾರಿಯಲ್ಲೇ ನಿಲುಗಡೆ.

ಬಾಳಪ್ಪ ಕೊನೆಯ ಸಲ ಬಂದಾಗ ಕಿಟಕಿಯಿಂದ ಬಗ್ಗಿ, “ದ್ಯಾಮಣ್ಣಾ, ನಾ ಏನ ಮಾಡ್ಲಿ? ಬರಾಕ ತಯಾರ ಅದೇನಿ, ತಿರಗಾಕ ಜಾಗ ಇಲ್ಲೋ ಯಪ್ಪಾ,” ಅಂದ.

ಹೆದ್ದಾರಿಯಿಂದ ಕಾಲನಿಗೆ ಏರುದಾರಿ. ಮೊರಂ ಮಣ್ಣು, ಒಂದು ಗಿಡದ ನೆರಳಿಲ್ಲ. ಗಟ್ಟಿಮುಟ್ಟಾದವನೇ ನಡುವೆ ನಿಂತು ಉಸಿರು ಬಿಡಬೇಕು. ಯಂತ್ರದಿಂದ ಎದ್ದು ಬಂದ ದ್ಯಾಮಣ್ಣನ ಗತಿ ಏನು? ಆಟೋದವರು ಗುಡ್ಡ ಹತ್ತಲು ಒಪ್ಪುತ್ತಿರಲಿಲ್ಲ. ಒಪ್ಪಿದವರು ಕೇಳುವ ಬಾಡಿಗೆ ರೊಟ್ಟಿ ಬಡಿಯುವವಳ ಕೈಗೆ ಎಟುಕುವಂಥದ್ದಲ್ಲ.

ಫಕೀರವ್ವ ಹೊಂಬಳ ಮೇಡಮ್ಮಿನ ಕಚೇರಿಗೆ ಹೋಗಿ ಬಾಗಿಲಲ್ಲೇ ನಿಂತು ಗೋಳಾಡಿದಳಂತೆ. ಮೇಡಮ್ ಬಂದರು. ಆಳುಗಳು ಬಂದರು, ಹಾರೆ ಗುದ್ದಲಿ ಬಂದವು. ನನ್ನನ್ನು ಬಯಲಿನ ಅಂಚಿಗೆ, ಬೇವಿನ ಸಸಿ ಹತ್ತಿರ, ಮರ್ಯಾದೆಯಿಂದಲೇ ಸರಿಸುವುದು ಅವರ ಆಸೆ. ಕಾಲನಿಯೆಲ್ಲ ಸೇರಿತು. ಗುರುಸಿದ್ದಪ್ಪ ಕೈಜೋಡಿಸಿ ನಿಂತ.

“ಮೇಡಮ್ಮಾರ, ನೀವು ಓದಿದವ್ರು. ನಾವೇನು ಬ್ಯಾಡ ಅನ್ನೂದಿಲ್ರಿ. ದೇವಿ ಹೂ ಕೊಡ್ಲಿ. ಅಪ್ಪಣಿ ಆತಂದ್ರ ನಾನ ಮೊದಲ ಹಾರಿ ಹಿಡೀತೇನಿ.”

ಹೂ ಕೊಡುವುದೆಂದರೆ, ದೇವರ ಎಡ ಬಲ ಭುಜಕ್ಕೆ ಒದ್ದೆ ಹೂ ಅಂಟಿಸಿ ಕಾಯುವುದು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಫಕೀರವ್ವ ನುಗ್ಗಿ ಬಂದು ನನ್ನ ಮುಂದೆ ನಿಂತಳು.

“ಇದು ದೇವ್ರಲ್ರೋ ಯಪ್ಪಾ! ನಾನ ಕುಂಕುಮ ಹಚ್ಚಿದಾಕಿ. ಕೈಯಾಗ ಉಳಿದಿತ್ತು, ನೆಲಕ್ಕ ಚೆಲ್ಲಬಾರ್ದು ಅಂತ ಈ ಕಲ್ಲಿಗೆ ಒರಸೇನಿ. ಅಷ್ಟ ಆಗಿದ್ದು. ನನ್ನ ಬೇಕಾದಂಗ ಬೈರಿ, ಕಲ್ಲು ಸರಸ್ರಿ. ನನ್ನ ಗಂಡ ಸಾಯ್ತಾನ್ರೋ!”

ಆಗ ಒಬ್ಬ ಮುದುಕಿ ಮುಂದೆ ಬಂದು ಫಕೀರವ್ವನ ಗಲ್ಲ ಸವರಿ ಪ್ರೀತಿಯಿಂದಲೇ ಹೇಳಿದಳು. “ಹುಚ್ಚಿ, ನಿನ್ನ ಕೈಲೆ ಹಚ್ಚಿಸಿಕೊಂಡಾಕಿ ಯಾರು? ಆಕಿನ ಅಲ್ಲೇನು?”

ಇದಕ್ಕೆ ಏನೆನ್ನುತ್ತೀರಿ?

ಹೂ ಅಂಟಿಸಿದರು. ಅಯ್ಯೋ, ಆ ಹೊತ್ತು ನಾನು ಪಟ್ಟ ಪಾಡು! ಬೀಳು, ಬೀಳು ಎಂದು ಬಲಗಡೆಯ ಹೂವಿಗೆ ಅಂಗಲಾಚಿದೆ. ಆ ಬದಿಯಲ್ಲಿ ದೀಪದ ಎಣ್ಣೆ ಕುಂಕುಮ ಸೇರಿ ದಪ್ಪಗೆ ಮೆತ್ತಿಕೊಂಡಿತ್ತು. ಹೂ ಅದಕ್ಕೆ ಕಚ್ಚಿಕೊಂಡು ಕೂತಿತು. ಎಡಬದಿ ನುಣುಪು. ಅದು ಬೀಳದೆ ಮತ್ತೇನಾಗುತ್ತದೆ? ಮೈಯಲ್ಲಿ ಒಂದು ನಡುಕ ಹುಟ್ಟಿಸುವ ಶಕ್ತಿಯೂ ನನಗಿರಲಿಲ್ಲ. ಇಂಥವಳನ್ನು ಅವರು ದೇವಿ ಅನ್ನುತ್ತಾರೆ. ಎಡಗಡೆಯ ಹೂ ಬಿತ್ತು. ಉಧೋ ಉಧೋ ಎಂದು ಗುಡ್ಡವೇ ಕೂಗಿತು.

“ನಾ ಮತ್ತ ಬರ್ತೇನಿ ಫಕೀರವ್ವ,” ಎಂದು ಮೇಡಮ್ ಹೋದರು. ಬರಲಿಲ್ಲ. ಬೇರೆ ಜಿಲ್ಲೆಗೆ ವರ್ಗ ಮಾಡಿದರಂತೆ.

ಅಲ್ಲಿಂದ ಮುಂದೆ ಗಂಡ ಹೆಂಡತಿ ಇಬ್ಬರೂ ಹೆದ್ದಾರಿಯ ತನಕ ನಡೆದರು. ಹೋಗುವಾಗ ಅವನ ಕೈ ಅವಳ ಹೆಗಲ ಮೇಲಿರುತ್ತಿತ್ತು, ಬರುವಾಗ ಅವನ ಮೈಯೆಲ್ಲ ಅವಳ ಮೇಲಿರುತ್ತಿತ್ತು. ಖಾನಾವಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಲಾಗದೆ ಅವಳ ಕೆಲಸ ಹೋಯಿತು. ಬರಬರುತ್ತ ಪಾಳಿ ತಪ್ಪತೊಡಗಿದವು. ದ್ಯಾಮಣ್ಣನ ಕಾಲು ತೊಲೆಯಂತೆ ಬಾತವು. ಅವನಿಗೆ ಯಾವಾಗಲೂ ಬಾಯಾರಿಕೆ, ಆದರೆ ನೀರು ಕುಡಿಯಬಾರದು. ಫಕೀರವ್ವ ಸಣ್ಣ ಲೋಟದಲ್ಲಿ ಗುಟುಕು ಗುಟುಕಾಗಿ ಕೊಡುತ್ತಿದ್ದಳು. ಅವನು ಇನ್ನೊಂದು ಗುಟುಕಿಗೆ ಮಗುವಿನಂತೆ ಹಟ ಹಿಡಿದರೆ ಬೈದು, ಬೈದಾದ ಮೇಲೆ ಒಳಗೆ ಹೋಗಿ ಅಳುತ್ತಿದ್ದಳು.

ಒಮ್ಮೆ ದ್ಯಾಮಣ್ಣ ಜಾಲರಿ ಹಿಡಿದು ನಿಂತು ನನ್ನ ಬೆಳ್ಳಿ ಮುಖವನ್ನು ಬಹಳ ಹೊತ್ತು ನೋಡಿದ. “ಏನವಾ, ದೊಡ್ಡಾಕಿ ಆಗೀದಿ. ನಮ್ಮ ಗುರ್ತು ಐತೇನು?” ಅಂದ. ಗುರುತಿಲ್ಲದೆ ಏನೋ ದ್ಯಾಮಣ್ಣ! ಬಾ, ಬಂದು ಕೂರು, ಈ ಬೆಳ್ಳಿಯನ್ನೆಲ್ಲ ಕಿತ್ತೆಸೆದು ಮೊದಲಿನ ಹಾಗೆ ಕೂರು ಅನ್ನಬೇಕೆನಿಸಿತು. ಅವನು ತಲೆ ತುರಿಸಿಕೊಂಡು ಮನೆಗೆ ಹೋದ.

ಗುಡಿಯ ವರ್ಷದ ಉತ್ಸವ ಬಂತು. ಬಯಲಿಗೆಲ್ಲ ಪೆಂಡಾಲು, ಮಹಾದ್ವಾರದಿಂದ ಮನೆಗಳ ಸಾಲಿನವರೆಗೂ ಊಟದ ಪಂಕ್ತಿ. ದ್ಯಾಮಣ್ಣನಿಗೆ ಅಂದು ಬೆಳಿಗ್ಗೆಯಿಂದ ಉಸಿರು ಕಟ್ಟುತ್ತಿತ್ತು. ಯಾರೋ ಫೋನು ಮಾಡಿದರು, ಆಂಬುಲೆನ್ಸು ಬಂತು, ಮಹಾದ್ವಾರದ ಆಚೆ ನಿಂತಿತು. ಈಚೆ ಜನ ಎಲೆ ಹಾಕಿಕೊಂಡು ಉಣ್ಣುತ್ತ ಕೂತಿದ್ದರು. ಫಕೀರವ್ವ ಮತ್ತು ಪಕ್ಕದ ಮನೆಯವರು ದ್ಯಾಮಣ್ಣನನ್ನು ಕುರ್ಚಿಯಲ್ಲಿ ಎತ್ತಿಕೊಂಡು ನನ್ನ ಕಟ್ಟೆಯ ತನಕ ತಂದರು. ಮುಂದೆ ಹೋಗಬೇಕೆಂದರೆ ಎಲೆ ದಾಟಬೇಕು.

“ದಾರಿ ಬಿಡ್ರಿ! ಎದ್ದೇಳ್ರೋ, ದಾರಿ ಬಿಡ್ರಿ!” ಎಂದು ಫಕೀರವ್ವ ಒದರಿದಳು.

ಗುರುಸಿದ್ದಪ್ಪ ಓಡಿ ಬಂದ. ಸಿಟ್ಟಿನಿಂದಲ್ಲ, ಗಾಬರಿಯಿಂದ. “ಉಣ್ಣಾಕ ಕುಂತ ಪಂಕ್ತಿ ನಡುವ ಎಬ್ಬಸಬಾರದವ್ವಾ, ಊರಿಗೇ ಕೇಡು. ಮಜ್ಜಿಗಿ ಬಂತು ನೋಡು, ಈಗ ಮುಗೀತು. ಒಂದೀಟು ತಡಿ ನಮ್ಮವ್ವಾ.”

ಅವನ ಕಣ್ಣಲ್ಲಿ ಕಪಟ ಇರಲಿಲ್ಲ. ಅದನ್ನು ನೋಡಿಯೇ ನನಗೆ ಹೆಚ್ಚು ಭಯವಾಯಿತು. ಕೆಲವರು ಎಲೆ ಬಿಟ್ಟು ಎದ್ದರು, ಸುಳ್ಳು ಹೇಳಬಾರದು. ಎದ್ದವರನ್ನು ಪಕ್ಕದವರು ಪಂಚೆ ಹಿಡಿದು ಕೂರಿಸಿದರು.

ದ್ಯಾಮಣ್ಣ ಜಾಲರಿಗೆ ಒರಗಿದ್ದ. “ನೀರು,” ಅಂದ. ಫಕೀರವ್ವ ಅವನ ಮುಖ ನೋಡಿದಳು. ಬಡಿಸುವವನ ಕೈಯಿಂದ ಮಜ್ಜಿಗೆಯ ಚೊಂಬು ಕಸಿದುಕೊಂಡು ಅವನ ತುಟಿಗೆ ಹಿಡಿದಳು. ಅಳೆಯಲಿಲ್ಲ, ತಡೆಯಲಿಲ್ಲ. ಇಡೀ ಚೊಂಬು. ಆಗಲೇ ನನಗೆ ತಿಳಿಯಿತು. ಅವನು ಅರ್ಧ ಕುಡಿದು, ಮೀಸೆಗೆ ಹತ್ತಿದ ಮಜ್ಜಿಗೆಯನ್ನು ಒರೆಸಿಕೊಳ್ಳಲು ಕೈ ಎತ್ತಿದ. ಕೈ ಮೀಸೆಯ ತನಕ ಬರಲಿಲ್ಲ.

ಪಂಕ್ತಿ ಎದ್ದಿತು. ಆಂಬುಲೆನ್ಸಿನವರು ಸ್ಟ್ರೆಚರ್ ಹಿಡಿದು ಓಡಿ ಬಂದು, ನೋಡಿ, ಹಾಗೆಯೇ ನಿಂತರು.

ಗುಡಿಯ ಮುಂದೆ ಸಾವಾಯಿತು, ಮೈಲಿಗೆಯಾಯಿತು ಎಂದು ಮೂರು ದಿನ ನನ್ನ ಬಾಗಿಲು ಹಾಕಿದರು. ಹಾಲು ತಂದು ತೊಳೆದರು, ಹೋಮ ಹಾಕಿದರು. ಅವನು ಒರಗಿದ್ದ ಜಾಲರಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಬಾಗಿಲು ತೆರೆದ ದಿನ ಎಲ್ಲರಿಗಿಂತ ಮೊದಲು ಫಕೀರವ್ವ ಬಂದಳು. ಕೈಮುಗಿಯಲಿಲ್ಲ.

“ಬೆಳ್ಳಿ ಕಣ್ಣು ಹಚ್ಯಾರಲ್ಲ ನಿನಗ, ನೋಡಿದ್ಯಾ?” ಎಂದು ಕೇಳಿದಳು. “ನೋಡಿದ್ಯಾ ಇಲ್ಲೊ? ಹೇಳಽ.”

ನೋಡಿದೆ ಫಕೀರವ್ವ. ಬೆಳ್ಳಿಯ ಕಣ್ಣು ಹಚ್ಚುವ ಮೊದಲೂ ನೋಡುತ್ತಿದ್ದೆ.

ಒಂದು ವರ್ಷ ಕಳೆಯಿತು. ನನ್ನ ಹೆಸರು ದೂರ ದೂರ ಹಬ್ಬಿತು. ಹೊಸ ಗಾಡಿ ಕೊಂಡವರೆಲ್ಲ ನನ್ನ ಮುಂದೆ ತಂದು ನಿಲ್ಲಿಸಿ ಪೂಜೆ ಮಾಡಿಸುವುದು ರೂಢಿಯಾಯಿತು. ಯೋಜನಾ ಕಚೇರಿಗೆ ಬಂದ ಹೊಸ ಸಾಹೇಬರು ಹೊಸ ನಕ್ಷೆ ತಂದರು. ಅದರಲ್ಲಿ ನಾನು ಗುರುತಿನ ಕಲ್ಲಲ್ಲ, ‘ಧಾರ್ಮಿಕ ಕ್ಷೇತ್ರ’. ಕ್ಷೇತ್ರಕ್ಕೆ ಡಾಂಬರು ರಸ್ತೆ ಬೇಕು, ಬಸ್ಸು ಬೇಕು. ಬಸ್ಸು ಬಂದರೆ ತಿರುಗಲು ಜಾಗ ಬೇಕು! ಎಲ್ಲರೂ ಸುತ್ತ ನೋಡಿದರು. ದೇವಿಯನ್ನು ಸರಿಸುವಂತಿಲ್ಲ. ಮಹಾದ್ವಾರವನ್ನು ಮುಟ್ಟುವಂತಿಲ್ಲ. ಕಲ್ಯಾಣ ಮಂಟಪದ ಮಾತೇ ಬೇಡ. ಉಳಿದದ್ದು ಎದುರಿನ ಮನೆಗಳ ಮೊದಲ ಸಾಲು. ಮನೆ ಸರಿಸಲು ಹೂ ಕೇಳಬೇಕಾಗಿಲ್ಲ.

ಸಾಹೇಬರು ಪೊಲೀಸರನ್ನು ಕರೆದುಕೊಂಡೇ ಬಂದರು. ಸಾಲಿನವರು ಬೈದರು, ಎದೆ ಬಡಿದುಕೊಂಡು ಅತ್ತರು. ಫಕೀರವ್ವ ಬಾಗಿಲಲ್ಲಿ ನಿಂತಿದ್ದವಳು ಮೆಲ್ಲಗೆ ಅವರ ಹತ್ತಿರ ಬಂದಳು.

“ಸಾಹೇಬ್ರ, ಬಸ್ ದಿನಾ ಬರ್ತೈತ್ರಿ? ಇಲ್ಲಾ ಹಬ್ಬ ಹುಣ್ಣಿವಿಗಷ್ಟ ಬರ್ತೈತ್ರಿ?”

“ದಿನಾ ಬರ್ತೈತಿ.”

“ದೊಡ್ಡ ದವಾಖಾನಿ ಮುಂದ ಹಾಯ್ತೈತ್ರಿ?”

“ಹೂಂ, ಅದ ದಾರಿ.”

“ಹಂಗಾರ ತಗೀರಿ.”

ಸಾಹೇಬರಿಗೆ ನಂಬಿಕೆಯಾಗಲಿಲ್ಲ. ಇವಳೇ ಎಲ್ಲರಿಗಿಂತ ಹೆಚ್ಚು ಕೂಗಾಡುವವಳು ಎಂದು ಯಾರೋ ಹೇಳಿದ್ದರಂತೆ. ಅವಳು ಒಳಗೆ ಹೋಗಿ ಕೊಡ, ಹಂಚು, ರೊಟ್ಟಿ ಬಡಿಯುವ ಮರದ ಕೊಣಮಿಗೆ, ದ್ಯಾಮಣ್ಣನ ದವಾಖಾನೆ ಚೀಲ ಎಲ್ಲ ತಂದು ಹೊರಗಿಟ್ಟಳು. ಮೊದಲು ಬಿದ್ದದ್ದು ಅವಳ ಮನೆಯೇ.

ನನಗೀಗ ವಯಸ್ಸಾಯಿತು. ಕಲ್ಲಿಗೆ ವಯಸ್ಸಾಗುವುದಿಲ್ಲ ಎನ್ನುವವರು ಒಂದು ಸಲ ದೇವರಾಗಿ ನೋಡಲಿ. ತಗಡಿನ ಮಾಡು ಹೋಗಿ ಗರ್ಭಗುಡಿಯಾಗಿದೆ. ಒಳಗೆ ಎಣ್ಣೆಯ ಜಿಡ್ಡು, ಹೊಗೆ, ಆರದ ಒಂದು ಬಲ್ಬು. ಬರುವವರು ಮಗು ಕೇಳುತ್ತಾರೆ, ನೌಕರಿ ಕೇಳುತ್ತಾರೆ, ಕೋರ್ಟಿನಲ್ಲಿ ಗೆಲುವು ಕೇಳುತ್ತಾರೆ. ನನ್ನ ಕೈಯಲ್ಲಿ ಏನೂ ಇಲ್ಲ, ನನಗೆ ಕೈಯೇ ಇಲ್ಲ. ಒಂದೇ ಒಂದು ಕೆಲಸಕ್ಕೆಂದು ನನ್ನನ್ನು ಕಡಿದು ತಂದಿದ್ದರು. ಅದನ್ನು ಮಾಡಲು ಬಿಡಲಿಲ್ಲ.

ಬಾಗಿಲ ಸಂದಿಯಿಂದ ಹೊರಗೆ ಕಾಣುತ್ತದೆ. ಬಸ್ಸು ದಿನಾ ಬರುತ್ತದೆ, ಸಾಹೇಬರು ಸುಳ್ಳು ಹೇಳಿರಲಿಲ್ಲ. ಫಕೀರವ್ವನ ಒಲೆ ಇದ್ದ ಜಾಗದ ಮೇಲೆ ಗಾಲಿ ಹಾಯಿಸಿ ಸಲೀಸಾಗಿ ತಿರುಗುತ್ತದೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿಗೆ ಅದೇ ಕಾಯಿಲೆಯಂತೆ, ಮುಖ ಊದಿಕೊಂಡಿರುತ್ತದೆ. ದವಾಖಾನೆಯ ದಿನ ಅವಳ ಅಪ್ಪ ಅವಳನ್ನು ಎತ್ತಿ ಹತ್ತಿಸಿ ಬಾಗಿಲ ಹತ್ತಿರದ ಸೀಟಿನಲ್ಲಿ ಕೂರಿಸುತ್ತಾನೆ. ಸಂಜೆ ಇಬ್ಬರೂ ಮರಳಿ ಬರುತ್ತಾರೆ.

ಫಕೀರವ್ವನಿಗೆ ಬದಲಿ ಮನೆ ಕೊಟ್ಟಿದ್ದಾರೆ, ಗುಡ್ಡದ ಆಚೆ ಮಗ್ಗುಲಿಗೆ. ಅಲ್ಲಿಗೆ ಬಸ್ಸಿಲ್ಲ.